ಮೊದಲ ಸಲದ ‘ಬ್ಯಾಡ್ರಿ’

ಕಿತ್ತೂರಿನಲ್ಲಿ ನನ್ನ ಮೊದಲ ಭಾಷಣಕ್ಕೆ ಬಿದ್ದಷ್ಟು ಚಪ್ಪಾಳೆ ಆಮೇಲೆ ಯಾವ ಭಾಷಣಕ್ಕೂ ಬೀಳಲಿಲ್ಲ. ಅದು ನೆನಪಾದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಮಾತು. ನೇಸರಗಿಯ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹೊಸ ಮಾಸ್ತರ. ಮನೆಯಲ್ಲಿ ಹೊಲ ಬೇಕಾದಷ್ಟಿತ್ತು, ಸಾಲಿಯ ಕಮಿಟಿಯಲ್ಲಿ ಕಾಕಾ ಇದ್ದರು. ನೌಕರಿ ಹೇಗೆ ಸಿಕ್ಕಿತೆಂದು ಬೇರೆ ಹೇಳಬೇಕೆ? ನನ್ನ ಪಕ್ಕದ ಕುರ್ಚಿ ಇತಿಹಾಸದ ಮಾಸ್ತರರದು. ಯರಗಟ್ಟಿ ಕಡೆಯ ಬೌದ್ಧ ಮನೆತನದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಓದಿನಲ್ಲಂತೂ ಅವರೆದುರು ನಾನು ಇನ್ನೂ ಅ ಆ ತಿದ್ದುವವನು.

ಆ ವರ್ಷ ಕಿತ್ತೂರಿನಲ್ಲಿ ಮಾಸ್ತರರ ಕೂಟ ನಿಗದಿಯಾಯಿತು. ಶಾಲೆಗೊಬ್ಬರು ಮಾತಾಡಬೇಕು. ವಿಷಯ: ದೇಶದ ಮೊದಲ ಪ್ರಧಾನಿಯ ನಾಯಕತ್ವದ ಗುಣಗಳು. ಹೆಡ್‌ಮಾಸ್ತರರು ಹಿಂದಿನ ದಿನವೇ ನೀವೇ ಮಾತಾಡಬೇಕೆಂದು ಇತಿಹಾಸದ ಮಾಸ್ತರರ ಕಿವಿಯಲ್ಲಿ ಹಾಕಿದ್ದರಂತೆ. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದ್ದು ಬರೀ ಉಪಚಾರಕ್ಕೆ.

"ನೀವ ಹೋಗಿ ಬರ್ರಿ ಸರ," ಎಂದರು ಹೆಡ್‌ಮಾಸ್ತರರು.

"ಬ್ಯಾಡ್ರಿ, ಸಣ್ಣವರು ಅದಾರ. ಅವರ ಹೋಗ್ಲಿ," ಎಂದು ಇವರು ನನ್ನ ಕಡೆ ಕೈ ತೋರಿದರು.

ನಮ್ಮ ಕಡೆ ಮೊದಲ ಸಲದ ‘ಬ್ಯಾಡ್ರಿ’ಗೆ ಅರ್ಥವೇ ಇಲ್ಲ. ತಾಟಿಗೆ ಹೋಳಿಗೆ ಬಂದರೂ ಅಷ್ಟೇ, ತಲೆಗೆ ರುಮಾಲು ಬಂದರೂ ಅಷ್ಟೇ. ಎರಡು ಸಲ ಒಲ್ಲೆ ಅನ್ನಬೇಕು. ಕೊಡುವವರು ಮೂರನೆಯ ಸಲ ಗದರಿಸಿ ಕೊಡಬೇಕು. ಹೆಡ್‌ಮಾಸ್ತರರು ಎರಡನೆಯ ಸಲ ಕೇಳಲು ಬಾಯಿ ತೆಗೆದದ್ದನ್ನು ನಾನು ನೋಡಿದೆ. ನೋಡಿಯೇ ನಡುವೆ ಬಾಯಿ ಹಾಕಿದೆ.

"ಆತ್ರಿ ಸರ, ನಾ ಹೋಗತೇನಿ."

ಕಾಕಾನ ಮುಖ ಕಣ್ಣೆದುರು ಬಂತೋ ಏನೋ, ಹೆಡ್‌ಮಾಸ್ತರರು ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಮನೆಗೆ ಹೋಗುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಈ ಒಲ್ಲೆ ಅನ್ನುವ ಉಪಚಾರ ನಮ್ಮ ಮಂದಿಯದು, ಅವರ ಪೈಕಿ ಬೇಡ ಅಂದರೆ ಬೇಡವೇ ಇರಬೇಕು. ನಮ್ಮ ಮನೆಯ ಪಂಕ್ತಿಯಲ್ಲಿ ಅವರನ್ನು ಒಂದು ದಿನವೂ ಕೂರಿಸದ ನಾನು, ಅವರ ಉಪಚಾರ ಹೇಗಿರುತ್ತದೆಂದು ತೀರ್ಮಾನ ಕೊಟ್ಟೆ! ಎಂಥ ನೀಚ ಯೋಚನೆ.

ಮರುದಿನ ಅವರೇ ತಮ್ಮ ನೋಟುಬುಕ್ಕು ತಂದುಕೊಟ್ಟರು. ಹತ್ತಾರು ವರ್ಷ ಓದಿ ಮಾಡಿಕೊಂಡ ಟಿಪ್ಪಣಿ. ಆ ಪ್ರಧಾನಿ ತನ್ನನ್ನು ಕಟುವಾಗಿ ಟೀಕಿಸಿದವರನ್ನೂ ಮೊದಲ ಮಂತ್ರಿಮಂಡಲಕ್ಕೆ ಕರೆದದ್ದು, ಪಾರ್ಲಿಮೆಂಟಿನಲ್ಲಿ ವಿರೋಧಿಗಳ ಮಾತು ಕೂತು ಕೇಳಿದ್ದು, ಎಲ್ಲವೂ ಅದರಲ್ಲಿತ್ತು. ತಪ್ಪುಗಳಿಗೂ ಎರಡು ಪುಟ ಇದ್ದವು. ಒಂದು ಕಡೆ ಹೀಗೆ ಬರೆದಿದ್ದರು: ‘ಅವರಿಗೆ ಅಧಿಕಾರ ಬೇಕಾಗಿತ್ತು. ಬೇಕು ಅನ್ನುವುದು ತಪ್ಪಲ್ಲ. ಯಾರನ್ನು ಎಬ್ಬಿಸಿ ಕುಳಿತರು, ಕುಳಿತ ಮೇಲೆ ಯಾರಿಗೆ ಜಾಗ ಕೊಟ್ಟರು, ಅದನ್ನು ನೋಡಬೇಕು.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಾತು ನನಗೇ ಬರೆದಂತೆ ಕಂಡಿತು. ಉಳಿದದ್ದನ್ನೆಲ್ಲ ಇಳಿಸಿಕೊಂಡು ಇಷ್ಟನ್ನು ಬಿಟ್ಟೆ.

ಕಿತ್ತೂರಿನ ವೇದಿಕೆಯ ಮೇಲೆ ನಿಂತು, "ಆ ಮಹಾನುಭಾವರಿಗೆ ಅಧಿಕಾರದ ಆಸೆಯೇ ಇರಲಿಲ್ಲ, ಅಧಿಕಾರವೇ ಅವರನ್ನು ಹುಡುಕಿಕೊಂಡು ಬಂತು," ಎಂದು ಎದೆ ಉಬ್ಬಿಸಿ ಹೇಳಿದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೊರಳಿಗೆ ಹಾರ ಹಾಕಿದರು. ಆಗ ಹಿಂದಿನ ಸಾಲಿನಲ್ಲಿ ಇತಿಹಾಸದ ಮಾಸ್ತರರು ಕಂಡರು. ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ಕೆಳಗಿಳಿದು ಹೋದೆ. ಅವರ ಹೆಂಡತಿಯೂ ಬಂದಿದ್ದರು, ಇಳಕಲ್ ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು. ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಬಂದ ದಣಿವು ಮುಖದಲ್ಲಿತ್ತಾದರೂ ಕಣ್ಣು ಅರಳಿದ್ದವು.

"ಛಲೋ ಮಾತಾಡಿದ್ರಿ," ಎಂದ ಆಕೆ, ತಗ್ಗಿದ ದನಿಯಲ್ಲಿ ನನ್ನನ್ನೇ ಕೇಳಿದರು, "ನಮ್ಮವರದು ಯಾವಾಗ ಐತ್ರಿ? ಕೇಳಿದ್ರ ಇವರು ಏನೂ ಹೇಳವಲ್ಲರು."

ಮಾಸ್ತರರು ನೆಲ ನೋಡಿದರು. ಹೆಡ್‌ಮಾಸ್ತರರು ಕಿವಿಯಲ್ಲಿ ಹಾಕಿದ ದಿನವೇ ಭಾಷಣ ತಮ್ಮದೆಂದು ಮನೆಯಲ್ಲಿ ಹೇಳಿದ್ದ ಸುದ್ದಿಯನ್ನು ಹಿಂತೆಗೆದುಕೊಳ್ಳಲು ಅವರಿಗೆ ಮನಸ್ಸು ಬಂದಿರಲಿಲ್ಲ. ಆಗಲಾದರೂ ನಾನು ತಪ್ಪೊಪ್ಪಿಕೊಳ್ಳಬಹುದಿತ್ತು.

"ಸರ ಬ್ಯಾಡ ಅಂದರ್ರಿ ವೈನಿ," ಎಂದೆ.

ಆಕೆ ಗಂಡನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಎಷ್ಟ ಸಲ ಕೇಳಿದ್ರಿ?"

ಹಾರ ಇನ್ನೂ ನನ್ನ ಕೊರಳಲ್ಲೇ ಇತ್ತು. ಬಸ್ಸಿನ ಹೊತ್ತಾಯಿತೆಂದು ಮಾಸ್ತರರೇ ಹೆಂಡತಿಯನ್ನು ಕರೆದುಕೊಂಡು ಹೊರಟರು.