ಕೊಕ್ಕರೆಗಳು ತಲೆಕೆಳಗಾಗಿ ಹಾರಿದ್ದು

ಪರದೆ ಹೊಲಿಯುವ ಆಕೆ ಬೀದಿಗೆಲ್ಲ ದೊಡ್ಡಮ್ಮ. ಯಾರ ಮನೆಗೆ ಕಾಲಿಟ್ಟರೂ ಮನೆಯವರ ಕ್ಷೇಮಕ್ಕಿಂತ ಮೊದಲು ಕಿಟಕಿಯ ಪರದೆಯನ್ನೇ ವಿಚಾರಿಸಿಕೊಳ್ಳುತ್ತಿದ್ದರು. ಅಂಚು ಮಗುಚಿ, ಕನ್ನಡಕ ಏರಿಸಿ, ಹೊಲಿಗೆಯ ಮೇಲೆ ಉಗುರು ಎಳೆದು ತೀರ್ಪು ಕೊಡುವರು. ಆ ತೀರ್ಪಿಗೆ ಹೆದರಿ ಅರ್ಧ ಬೀದಿ, ಅವರು ಬರುವ ಸುದ್ದಿ ಸಿಕ್ಕೊಡನೆ ಪರದೆ ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕುತ್ತಿತ್ತು. ಒಮ್ಮೆ ಆಪರೇಷನ್ನಿಗೆ ಮಲಗಿದಾಗಲೂ "ಆ ಹಸಿರು ಪರದೆಗೆ ದಾರ ಸಾಲದು" ಅಂದೇ ಪ್ರಜ್ಞೆ ತಪ್ಪಿದರಂತೆ. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ ಎಂಬುದು ಅವರ ಕಿರೀಟ.

ಒಂದು ಮಧ್ಯಾಹ್ನ ಸೊಸೆ ಮೊಬೈಲು ಹಿಡಿದು ಅಂಗಡಿಗೆ ಬಂದಳು. ಬೇರೊಂದು ದೇಶದ ಪೊಲೀಸರು ಹಾಕಿದ ಚಿತ್ರ, ಬರೀ ಒಂದು ಪರದೆಯ ತುಂಡು. ಕೆಲಸ ಕೊಡಿಸುತ್ತೇವೆಂದು ಮೊಬೈಲಿನಲ್ಲೇ ಮರುಳು ಮಾಡಿ ಗಡಿ ದಾಟಿಸಿದ ಹನ್ನೆರಡರ ಹುಡುಗಿಯನ್ನು ಯಾರೋ ಆ ಪರದೆಯ ಮುಂದೆ ನಿಲ್ಲಿಸಿ, ಫೋಟೊ ತೆಗೆದು, ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟಿದ್ದರು. ಪೊಲೀಸರು ಚಿತ್ರದಿಂದ ಮಗುವನ್ನು ತೆಗೆದುಹಾಕಿ ಬಟ್ಟೆಯನ್ನಷ್ಟೇ ಉಳಿಸಿ, ಇದು ಯಾವ ಕೋಣೆ ಎಂದು ಲೋಕವನ್ನೆಲ್ಲ ಕೇಳುತ್ತಿದ್ದರು. ಕೊಕ್ಕರೆ ಚಿತ್ರದ ಆ ಬಟ್ಟೆ ಹತ್ತಾರು ದೇಶಗಳಲ್ಲಿ ಮಾರಾಟವಾಗಿದ್ದರಿಂದ ಕಂಪ್ಯೂಟರುಗಳು ಸಾವಿರ ಹೋಟೆಲು ತೋರಿಸಿ ಕೈಚೆಲ್ಲಿದ್ದವು.

ದೊಡ್ಡಮ್ಮನ ಮಷೀನು ನಿಂತಿತು. ಚಿತ್ರದ ಕೊಕ್ಕರೆಗಳು ಕಾಲು ಮೇಲೆ ಮಾಡಿ ಹಾರುತ್ತಿದ್ದವು. ತಮ್ಮೂರಿನದೇ ಬಸ್ ನಿಲ್ದಾಣದ ಎದುರಿನ ಲಾಡ್ಜು, ಮೂರನೇ ಮಹಡಿ, ಕೊನೆಯ ಕಿಟಕಿ. ನಾಲ್ಕು ವರ್ಷದ ಹಿಂದೆ ಬಟ್ಟೆಯ ಥಾನಿನ ಕೊನೆಯ ತುಂಡನ್ನು ಉಲ್ಟಾ ಕತ್ತರಿಸಿ, ಬೇರೆ ಬಟ್ಟೆಯಿಲ್ಲದೆ, ಯಾರು ನೋಡುತ್ತಾರೆಂದು ಹಾಗೇ ಹೊಲಿದುಕೊಟ್ಟು ತುಟಿ ಪಿಟಕ್ಕೆನ್ನದೆ ಕೂತಿದ್ದರು.

"ಇದು ನಂದೇ," ಅಂದರು.

"ನಿಮ್ಮದಾ? ತಲೆಕೆಳಗಿದೆಯಲ್ಲ ಅತ್ತೆ."

"ಅದಕ್ಕೇ ನಂದು ಅಂದಿದ್ದು. ಹಲ್ಲು ಕಿಸಿಯೋದು ಬಿಟ್ಟು ಚಿತ್ರದ ಕೆಳಗಿರೋ ನಂಬರಿಗೆ ಫೋನ್ ಮಾಡು."

ಪೊಲೀಸರು ನಂಬದೆ ಮೂರು ಸಲ ಕೇಳಿದರು. ಮೂರು ಸಲವೂ ದೊಡ್ಡಮ್ಮ, ತಪ್ಪು ಕತ್ತರಿಸಿದ್ದು ತಾನೇ ಎಂದು ಬೀದಿಗೆಲ್ಲ ಕೇಳುವಂತೆ ಒಪ್ಪಿಕೊಂಡರು. ಕಿರೀಟ ಉರುಳಿದ ಸದ್ದು ಎದುರಿನ ಕ್ಷೌರದಂಗಡಿಯವರೆಗೂ ಹೋಯಿತು.

ಸಂಜೆಯೊಳಗೆ ಆ ಕೋಣೆಯ ಬಾಗಿಲು ಮುರಿಯಿತು. ಹುಡುಗಿ ಸಿಕ್ಕಳು, ಪಕ್ಕದ ಕೋಣೆಯಲ್ಲಿ ಇನ್ನಿಬ್ಬರು ಮಕ್ಕಳೂ ಸಿಕ್ಕರು. ಕಾವಲಿದ್ದ ದಾಂಡಿಗ ಕಿಟಕಿಯಿಂದ ಇಳಿಯಲು ಅದೇ ಪರದೆಗೆ ಜೋತುಬಿದ್ದ. ಹೊಲಿಗೆ ಒಂದೆಳೆಯೂ ಬಿಡಲಿಲ್ಲ. ಪೊಲೀಸರು ಮೇಲೆಳೆದುಕೊಳ್ಳುವವರೆಗೂ ಮಹಾಶಯ ಕೊಕ್ಕರೆಗಳ ನಡುವೆ ತೂಗಾಡುತ್ತಿದ್ದ.

ಮರುದಿನ ಇನ್‌ಸ್ಪೆಕ್ಟರು ಅಂಗಡಿಗೆ ಬಂದು ವಿಡಿಯೊ ಕಾಲ್ ಹಿಡಿದರು. ಆ ಕಡೆ ಹುಡುಗಿಯ ತಾಯಿ ಅಳುತ್ತಾ ನಗುತ್ತಾ, ಇಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಕೇಳಿದಳು. ಮೊಬೈಲೇ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿತು: ನೀವು ಮನುಷ್ಯರೋ, ದೇವರೋ? ಬಾಗಿಲಲ್ಲಿ ನೆರೆದಿದ್ದ ಬೀದಿಗೆ ಬೀದಿಯೇ ಉತ್ತರ ಕೇಳಲು ಮುಂದೆ ಬಾಗಿತು.

"ದರ್ಜಿ ಕಣಮ್ಮ," ಅಂದರು ದೊಡ್ಡಮ್ಮ. "ಮಗು ಊಟ ಮಾಡ್ತಾ?"