ಮಾವನೆದುರು ಮಕ್ತಿನಾ

ರಾಜಧಾನಿ ಸುಖುಮ್‌ನ ಮಂತ್ರಿಗಳಿಗೆ ಮಕ್ತಿನಾ ಅಂದರೆ ತಲೆನೋವು. ಯುದ್ಧದಲ್ಲಿ ನರ್ಸ್ ಆಗಿದ್ದವಳು, ಗಂಡನನ್ನು ಅಲ್ಲೇ ಕಳೆದುಕೊಂಡು ಬಂದವಳು, ಆಮೇಲೆ ನಮ್ಮೂರಿನ ಮುಖ್ಯಸ್ಥೆಯಾದಳು. ಜಗತ್ತಿನ ಬಹುಪಾಲು ಜನ ನಮ್ಮ ಈ ಅಬ್ಖಾಜಿಯಾವನ್ನು ದೇಶವೆಂದೇ ಒಪ್ಪುವುದಿಲ್ಲ. ಅಂಥ ದೇಶದ ಬರಿದಾದ ಬೊಕ್ಕಸದಿಂದ ಊರಿಗೆ ಕರೆಂಟು ತಂದಳು, ಶಾಲೆಗೆ ಸೂರು ಹಾಕಿಸಿದಳು. "ದುಡ್ಡಿಲ್ಲ" ಎಂದ ಮಂತ್ರಿಗೆ, "ನಿಮ್ ಕಾರಿಗೆ ಪೆಟ್ರೋಲ್ ಇದೆಯಲ್ಲ, ಬಂದು ನಮ್ಮ ಕತ್ತಲೆನಾದ್ರೂ ನೋಡ್ಕೊಂಡ್ ಹೋಗಿ" ಅಂದಿದ್ದಳು. ನಾನು ಅವಳ ಗಂಡನ ಚಿಕ್ಕಪ್ಪನ ಮಗ, ಅವಳ ಕಾರಿನ ಡ್ರೈವರ್ ಕೂಡ. ಹೊಗಳುವುದು ನನ್ನ ಜಾಯಮಾನವಲ್ಲ. ಆದರೂ ಹೇಳುತ್ತೇನೆ, ಅಂಥ ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ.

ಆ ಗಟ್ಟಿಗಿತ್ತಿ ಮನೆಯಲ್ಲಿ ಮಾತ್ರ ಮೂಗಿ. ನಮ್ಮಲ್ಲಿ ಸೊಸೆಯಾದವಳು ಮಾವನ ಮುಂದೆ ಬಾಯಿ ತೆರೆಯುವಂತಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಮಾವನೇ ಔತಣ ಮಾಡಿಸಿ, ಏನಾದರೂ ಉಡುಗೊರೆ ಕೊಟ್ಟು ಕಟ್ಟು ಬಿಡಿಸುತ್ತಾನೆ. ಅವಳ ಮಾವ, ಅಂದರೆ ನಮ್ಮ ದೊಡ್ಡಪ್ಪ ತಾತಶ್, ಬಿಡಿಸಲೇ ಇಲ್ಲ. ಅವಳು ಮೆಕ್ಕೆಜೋಳದ ಮುದ್ದೆ, ಚೀಸ್ ಬಡಿಸಿ ಎದುರಿಗೇ ನಿಂತಿರುತ್ತಿದ್ದಳು. "ಖಾರ ಸಾಲ್ದು ಅಂತ ಅವಳಿಗೆ ಹೇಳೋ" ಎಂದು ದೊಡ್ಡಪ್ಪ ನನಗೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಪಾರ್ಲಿಮೆಂಟಿಗೆ ನಿಂತಾಗ ಎದುರಾಳಿ ಹಜರಾತ್ ಇದನ್ನೇ ಹಿಡಿದುಕೊಂಡ. ಆಕ್ರೋಟ ಮರದ ಕೆಳಗೆ ಸಭೆ. ಬಲು ಗೌರವದಿಂದ ದೊಡ್ಡಪ್ಪನನ್ನು ತನ್ನ ಕಾರಿನಲ್ಲೇ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ. ಮಾತಾಡಲು ಎದ್ದ ಮಕ್ತಿನಾ ಮಾವನನ್ನು ಕಂಡು ತಲೆ ತಗ್ಗಿಸಿದಳು.

"ಏನಮ್ಮಾ, ಪಾರ್ಲಿಮೆಂಟಲ್ಲೂ ಹಿಂಗೇ ನಿಂತಿರ್ತೀಯಾ?" ಅಂದ ಹಜರಾತ್. ಜನ ನಕ್ಕರು.

"ಅತ್ತಿಗೆ, ಇದೊಂದ್ಸಲ ಮಾತಾಡ್ಬಿಡಿ" ಎಂದು ನಾನು ಪಿಸುಗುಟ್ಟಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತು ಅಂದುಕೊಂಡೆ.

ಆಗ ದೊಡ್ಡಪ್ಪ ಕೋಲೂರಿ ಎದ್ದರು. ಹಿರಿಯರು ಎದ್ದ ಮೇಲೆ ಕೂತಿರುವುದುಂಟೇ, ಹಜರಾತ್‌ನೂ ಸೇರಿ ಸಭೆಯೇ ಎದ್ದು ನಿಂತಿತು.

"ಇವಳ ಬಾಯಿ ಕಟ್ಟಿದ್ದು ಪದ್ಧತಿ ಅಲ್ಲ ಕಣ್ರಪ್ಪಾ, ನನ್ ಹೆದರಿಕೆ. ಮಗ ಸಾಯೋವಾಗ ಪಕ್ಕದಲ್ಲಿದ್ದೋಳು ಇವಳೇ. ಮಾತಾಡು ಅಂದ್ರೆ ಅದನ್ನೂ ಹೇಳ್ತಾಳೆ. ಕೇಳೋ ಧೈರ್ಯ ನಂಗಿರ್ಲಿಲ್ಲ." ಆಮೇಲೆ ಮೊದಲ ಸಲ ನೇರ ಅವಳ ಕಡೆಗೇ ತಿರುಗಿದರು. "ಮಾತಾಡು ಮಗಳೇ. ಔತಣ ಆಮೇಲೆ. ಈಗ ಕೊಡೋಕೆ ಇದೊಂದೇ ಇರೋದು." ತಮ್ಮ ಕೋಲನ್ನು ಅವಳ ಕೈಗಿತ್ತರು.

ಅವಳು ಆ ಕೋಲೂರಿ ಮಾತಾಡಿದಳು. ಆ ಚುನಾವಣೆ ಗೆದ್ದಳು, ಮುಂದಿನದನ್ನೂ ಗೆದ್ದಳು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಂದಿನ ಸಂಜೆ. ಅಂಗಳದಲ್ಲಿ ದೊಡ್ಡಪ್ಪ ಅವಳಿಗೆ ತಾವೇ ಕುರ್ಚಿ ಎಳೆದು ಹಾಕಿ, "ಈಗ ಹೇಳು" ಅಂದರು. ಮಂತ್ರಿಗಳ ಬೆವರಿಳಿಸಿದವಳು ಕುರ್ಚಿಯ ಅಂಚಿನಲ್ಲಿ ಕೂತಳು.

"ಅವ್ರು ಹೆದರ್ಲಿಲ್ಲ ಮಾವ. 'ಅಪ್ಪನಿಗೆ ಇದನ್ನ ನೀನೇ ಹೇಳ್ಬೇಕು, ಬೇರೆಯೋರ ಬಾಯಲ್ಲಿ ಹೇಳಿಸ್ಬೇಡ' ಅಂದಿದ್ರು."

"ಅದಕ್ಕೇ ಇಷ್ಟು ವರ್ಷ ಕಾದ್ಯಾ?"

"ನೀವು ಕೇಳ್ಲಿ ಅಂತ ಕಾದೆ."

ದೊಡ್ಡಪ್ಪ ಮುಖ ಮುಚ್ಚಿಕೊಂಡು ಅತ್ತರು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಹೇಳತೊಡಗಿದಳು. ಇಷ್ಟು ವರ್ಷ ಅವರ ಮಾತನ್ನು ಇವಳಿಗೆ ಮುಟ್ಟಿಸುತ್ತಿದ್ದ ನನಗೆ ಅಲ್ಲಿ ಕೆಲಸವಿರಲಿಲ್ಲ. ಎದ್ದು ಒಳಗೆ ಹೋದೆ.