ಕೂತು ನೋಡಿದ್ರಾ?
ಆ ಸ್ಟೈಲಿಸ್ಟ್ ಬಾಗಿಲಲ್ಲಿ ಕಂಡರೆ ಸಾಕು, ದರ್ಜಿಗೆ ತಲೆ ಸಿಡಿಯತೊಡಗುತ್ತದೆ. ಅಂಗವಿಕಲರಿಗೆ ಒಪ್ಪುವ ಉಡುಪು ಹೊಂದಿಸುವುದು ಅವಳ ಕಸುಬು. ದರ್ಜಿಯ ಪ್ರಾಣ ಹಿಂಡುವುದು ಅದರ ಮುಖ್ಯ ಭಾಗ. ಪ್ಯಾಂಟು ಹೊಲಿದಿಟ್ಟರೆ, ‘ಹಾಕ್ಕೊಂಡು ಕೂತು ನೋಡಿದ್ರಾ?’ ಎಂದು ಅವನನ್ನೇ ಗಾಲಿಕುರ್ಚಿಗೆ ತಳ್ಳುತ್ತಾಳೆ. ಹಿಂದಿನ ಜೇಬು ಒತ್ತುತ್ತದೆಂದು ಒಪ್ಪುವವರೆಗೆ ಏಳಗೊಡುವುದಿಲ್ಲ. ಗುಂಡಿ ಕಂಡರೆ ಹಾವು ತುಳಿದವಳಂತೆ ಹಾರುತ್ತಾಳೆ: ‘ಒಂದೇ ಕೈಯಲ್ಲಿ ಬಿಚ್ಚಿ ತೋರಿಸಿ, ನೋಡೋಣ!’ ತಾಳ್ಮೆ ಅವಳ ಹತ್ತಿರ ಸುಳಿದದ್ದಿಲ್ಲ. ಇಸ್ತ್ರಿಪೆಟ್ಟಿಗೆ ಬಿಸಿಯಾಗುವಷ್ಟರಲ್ಲಿ ಮೂರು ಸಲ ‘ಆಯ್ತಾ?’ ಅನ್ನುತ್ತಾಳೆ. ಗಿರಾಕಿಗಳ ಜೊತೆ ಬರುವ ಮನೆಯವರಂತೂ ಅವಳಿಗೆ ಆಗಿಬರುವುದೇ ಇಲ್ಲ. ಮೊನ್ನೆ ಗಾಲಿಕುರ್ಚಿಯಲ್ಲಿ ಬಂದ ನಲವತ್ತರ ಗಂಡಸಿಗೆ, ‘ಯಾವ ಬಣ್ಣ ಇಷ್ಟ?’ ಎಂದಳು. ‘ಅವನಿಗೆ ಯಾವುದಾದ್ರೂ ನಡೆಯುತ್ತೆ,’ ಎಂದಳು ಅವನ ಅಕ್ಕ. ‘ನಾನು ನಿಮ್ಮನ್ನ ಕೇಳಿಲ್ಲ,’ ಎಂದಳು ಸ್ಟೈಲಿಸ್ಟ್. ಅವನು ಅಕ್ಕನ ಮುಖ ನೋಡಿದ, ನೆಲ ನೋಡಿದ, ಆಮೇಲೆ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ನೋಡಿದ. ಇಪ್ಪತ್ತು ನಿಮಿಷ ಕಳೆಯಿತು. ಅವಳು ಒಂದು ಸಲವೂ ‘ಆಯ್ತಾ?’ ಅನ್ನಲಿಲ್ಲ; ಬಾಯಿ ತೆರೆಯಹೋದ ದರ್ಜಿಯ ಕಾಲು ತುಳಿದಳು. ಕೊನೆಗೆ ಅವನ ಬೆರಳು ನಿಂತದ್ದು, ‘ಎಸೀರಿ ಇದನ್ನ’ ಎಂದು ಅವಳೇ ಎಷ್ಟೋ ಸಲ ಬೈದಿದ್ದ, ಕಣ್ಣು ಕುಕ್ಕುವ ಗಿಳಿಹಸಿರಿನ ಮೇಲೆ. ದರ್ಜಿ ಅವಳ ಮುಖ ನೋಡಿದ. ‘ನನ್ನನ್ನೇನು ನೋಡ್ತೀರಿ?’ ಎಂದು ಹರಿಹಾಯ್ದಳು, ‘ಅವರಿಗೆ ಹೇಳಿ ಮಾಡಿಸಿದ ಬಣ್ಣ. ಅಳತೆ ತಗೊಳ್ಳಿ!’